ಜೂನ್ ಒಂದರಂದು ಹುಟ್ಟಿದವರು

ನನಗೆ ಅರ್ಜಿ ನಮೂನೆಗಳ ಹುಚ್ಚು. ಬ್ಯಾಂಕಿಗೆ ಹೋದರೂ ಚಲನ್ ತುಂಬುವ ಮೊದಲು ಅದರಲ್ಲಿ ಯಾವ ಕಾಲಂ ದಂಡ ಎಂದು ಹುಡುಕುತ್ತೇನೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಸಣ್ಣ ಉದ್ಯೋಗಕ್ಕೆ ಸಾಲ ಕೊಡುವ ಸರ್ಕಾರಿ ಯೋಜನೆಯೊಂದರ ಅರ್ಜಿಯನ್ನು ಆನ್‌ಲೈನಿಗೆ ತರುವ ಕೆಲಸ ಇಂದಿರಾನಗರದ ನಮ್ಮ ಪುಟ್ಟ ಆಫೀಸಿಗೆ ಬಂದಾಗ, ಯಾರೂ ಕೇಳುವ ಮೊದಲೇ ನಾನು ಕೈ ಎತ್ತಿದ್ದೆ.

ಕಾಗದದ ಅರ್ಜಿ ಆರು ಪುಟ ಇತ್ತು. ಕಾದಂಬರಿ ಓದಿದ ಹಾಗೆ ಓದಿದೆ. ಹಸು ಇದ್ದರೆ ಅದರ ಬಣ್ಣ ಯಾವುದು ಎಂದೊಂದು ಪ್ರಶ್ನೆ. ಬಣ್ಣ ತಿಳಿದುಕೊಂಡು ಸರ್ಕಾರ ಏನು ಮಾಡುತ್ತದೆ ಎಂದು ಫೋನ್ ಮಾಡಿ ಕೇಳಿದೆ. ವಿಮೆಗೆ ಬೇಕಂತೆ. ಮೊದಲ ಪುಟದಲ್ಲಿಯೇ ಗಂಡನ ಹೆಸರು, ಮನೆತನದ ಹೆಸರು ಕೇಳಿದ್ದರು. ಸಾಲ ಕೇಳುತ್ತಿರುವವಳು ಅವಳು, ಗಂಡ ಯಾವನಾದರೆ ಇವರಿಗೇನು ಎಂದು ಸಿಟ್ಟು ಬಂತು. ಎರಡನ್ನೂ ತೆಗೆದೇಬಿಟ್ಟೆ. ಆಧಾರ್ ಪರಿಶೀಲನೆ ಆಮೇಲೆ ತಾಲ್ಲೂಕಿನಲ್ಲಿ ಆಗುವುದರಿಂದ, ಒಬ್ಬರೇ ಎರಡು ಸಲ ಅರ್ಜಿ ಹಾಕದಂತೆ ತಡೆಯಲು ಒಂದು ಸರಳ ನಿಯಮ ಬರೆದೆ. ಹೆಸರು, ಹುಟ್ಟಿದ ದಿನ, ಊರು ಮೂರೂ ಒಂದೇ ಆಗಿದ್ದರೆ ಆಸಾಮಿಯೂ ಒಂದೇ. ಎರಡನೆಯ ಸಲ ಬಂದವರಿಗೆ "ನಿಮ್ಮ ಅರ್ಜಿ ಈಗಾಗಲೇ ಸಲ್ಲಿಕೆಯಾಗಿದೆ, ಧನ್ಯವಾದ" ಎಂದು ತೋರಿಸಿ ಅಲ್ಲಿಗೇ ಮುಗಿಸುತ್ತಿತ್ತು. ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗಿದೆ.

ನಮ್ಮ ಆಫೀಸು ಗುಡಿಸಿ, ಒರೆಸಿ, ಚಹಾ ಮಾಡಿಕೊಡುತ್ತಿದ್ದಾಕೆ ಯಾದಗಿರಿ ಕಡೆಯವಳು. ಬೈಯಪ್ಪನಹಳ್ಳಿಯಲ್ಲಿ ಗಂಡನ ಜೊತೆ ಒಂದು ಬಾಡಿಗೆ ಕೋಣೆ, ಮಗಳು ಮಾತ್ರ ಊರಲ್ಲಿ ಅಜ್ಜಿಯ ಹತ್ತಿರ. ಹೋದ ಸಲ ಊರಿಗೆ ಹೋದಾಗ ಮಗಳು ಅಜ್ಜಿಯನ್ನು ಅವ್ವ ಎಂದೂ, ಈಕೆಯನ್ನು ಬೆಂಗಳೂರವ್ವ ಎಂದೂ ಕರೆದಳಂತೆ. ಅಂದಿನಿಂದ ಆಕೆಗೆ ಒಂದೇ ಹಟ. ಸಾಲ ತೆಗೆದು ರೊಟ್ಟಿ ಮಷಿನ್ ಹಾಕಿ ಊರಲ್ಲೇ ಉಳಿಯಬೇಕು. ರೇಷನ್ ಕಾರ್ಡು ಇನ್ನೂ ಅಲ್ಲಿಯದೇ ಇದ್ದುದರಿಂದ ಅರ್ಜಿ ಹಾಕಲು ಅಡ್ಡಿಯಿರಲಿಲ್ಲ. ಪೇಪರುಗಳನ್ನು ಹೊಂದಿಸುವುದರಲ್ಲಿ ಕೊನೆಯ ದಿನ ಬಂದೇಬಿಟ್ಟಿತು.

ಅಂದು ಹನ್ನೆರಡರ ಹೊತ್ತಿಗೆ ಆಕೆ ಫೋನ್ ಹಿಡಿದು ನಗುತ್ತಾ ನನ್ನ ಮೇಜಿನ ಹತ್ತಿರ ಬಂದಳು. ಮೂರೇ ಮಾತು ಬರೆದದ್ದಕ್ಕೆ ಅರ್ಜಿ ಮುಗಿದೇಹೋಯಿತು, ನಿಮ್ಮ ಫಾರ್ಮು ಭಾಳ ಚಲೋ ಅದ ಎಂದು ಹೊಗಳಿದಳು. ಮೂರು ಮಾತಿಗೆ ಮುಗಿಯುವ ಫಾರ್ಮು ನಾನು ಬರೆದಿರಲಿಲ್ಲ. ತೆಗೆದು ನೋಡಿದರೆ ಅದೇ ಹೆಸರು, ಅದೇ ಹುಟ್ಟಿದ ದಿನ, ಅದೇ ಊರಿನಿಂದ ಹಿಂದಿನ ದಿನವೇ ಒಂದು ಅರ್ಜಿ ಬಂದಿತ್ತು. ನಿನ್ನೆಯೂ ಹಾಕಿದ್ದಿರಾ ಎಂದು ಕೇಳಿದೆ.

"ಇಲ್ರಿ ಅಕ್ಕಾರ, ಅದು ಗಿರಣಿ ಮನಿಯಾಕಿದು ಇರಬೇಕು," ಎಂದಳು. "ಊರ ದೇವಿ ಹೆಸರು ನೋಡ್ರಿ, ಓಣಿಗೆ ನಾಕು ಮಂದಿ ಅದೀವಿ. ಒಬ್ಬಾಕಿನ ಕರದ್ರ ನಾಕೂ ಮಂದಿ ಹೊಳ್ಳಿ ನೋಡ್ತೀವಿ."

ಹುಟ್ಟಿದ ದಿನ? ಅದಕ್ಕೂ ಆಕೆಯಲ್ಲಿ ಉತ್ತರವಿತ್ತು. ಇಬ್ಬರನ್ನೂ ಒಂದೇ ದಿನ ಶಾಲೆಗೆ ಸೇರಿಸಿದ್ದರು. ಹುಟ್ಟಿದ್ದು ಯಾವಾಗ ಎಂದು ಮನೆಯವರಿಗೆ ಗೊತ್ತಿರಲಿಲ್ಲವಾದ್ದರಿಂದ ಹೆಡ್ ಮಾಸ್ತರರು ಸಾಲಾಗಿ ಎಲ್ಲರಿಗೂ ಒಂದೇ ಇಸವಿಯ ಜೂನ್ ಒಂದು ಎಂದು ಬರೆದಿದ್ದರು. ನನಗೆ ನಾಚಿಕೆಯಾಯಿತು. ದಾವಣಗೆರೆಯ ನಮ್ಮ ಮನೆಯಲ್ಲಿ ಅಪ್ಪನ ಅಂಕಪಟ್ಟಿಯಲ್ಲೂ ಜೂನ್ ಒಂದೇ ಇದೆ. ಅದನ್ನು ಆಡಿಕೊಂಡು ನಕ್ಕ ನಾನೇ ಈ ನಿಯಮ ಬರೆದಿದ್ದೆ.

ಹಾಗಾದರೆ ನಿಮ್ಮೂರಲ್ಲಿ ಒಬ್ಬರಿಂದ ಒಬ್ಬರನ್ನು ಹೇಗೆ ಗುರುತಿಸುತ್ತಾರೆ ಎಂದು ಕೇಳಿದೆ. ಯಾವ ಮನಿಯಾಕಿ ಅಂತ ಕೇಳ್ತಾರ್ರಿ ಎಂದಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ಮುಖದಲ್ಲಿ. ನಾನು ಕಿತ್ತು ಬಿಸಾಡಿದ ಕಾಲಂ ಅದೇ. ಎರಡು ಗಂಟೆಯೊಳಗೆ ಅದನ್ನು ಮತ್ತೆ ಸೇರಿಸಿದೆ. ಆಕೆಯ ಅರ್ಜಿ ಹೋಯಿತು, ಸ್ವೀಕೃತಿ ಸಂಖ್ಯೆಯೂ ಬಂತು.

ಆಮೇಲೆ, ಹೀಗೆ ವಾಪಸಾದವರು ಇನ್ನೆಷ್ಟು ಮಂದಿ ಎಂದು ತೆಗೆದು ನೋಡಿದೆ. ಹನ್ನೊಂದು ಸಾಲು ಬಂದವು. ಎಲ್ಲ ದೇವಿಯರ ಹೆಸರು, ಎಲ್ಲ ಜೂನ್ ಒಂದು. ಫೋನ್ ನಂಬರ್ ಕೇಳುವುದು ಎರಡನೆಯ ಪುಟದಲ್ಲಿ. ಇವರು ಯಾರೂ ಅಲ್ಲಿಗೆ ತಲುಪಿರಲಿಲ್ಲ.

"ಇವ್ರೆಲ್ಲಾ ಅರ್ಜಿ ಹೋಗ್ಯಾದ ಅಂತ ತಿಳ್ಕೊಂಡು ಕುಂತಿರ್ತಾರ್ರಿ," ಎಂದ ಆಕೆಯ ಮುಖದಲ್ಲಿ ನಗು ಇರಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂತಳು. ಮೊದಲು ತಾಯಿಗೆ, ತಾಯಿ ಹೇಳಿದ ಬೀಗರಿಗೆ, ಬೀಗರು ಹೇಳಿದ ಅಂಗನವಾಡಿಯವರಿಗೆ ಫೋನ್ ಹಚ್ಚಿದಳು. ಸಾಲದ ಅರ್ಜಿ ಹಾಕಿದಾಕಿ, ಜೂನ್ ಒಂದರಾಕಿ ಎಂದು ವಿಚಾರಿಸುತ್ತಾ ಊರಿಂದ ಊರಿಗೆ ದಾಟುತ್ತಿದ್ದಳು. ನಾನು ಸಿಕ್ಕವರಿಗೆ ಲಿಂಕ್ ಕಳಿಸಿ, ತುಂಬುವುದು ಹೇಗೆ ಎಂದು ಹೇಳುತ್ತಿದ್ದೆ. ಅಂದು ಆಫೀಸಿನಲ್ಲಿ ಯಾರಿಗೂ ಚಹಾ ಸಿಗಲಿಲ್ಲ. ನಾಲ್ಕೂವರೆಗೆ ಒಂಬತ್ತು ಮಂದಿ ಸಿಕ್ಕಿದ್ದರು. ಉಳಿದ ಇಬ್ಬರು ಬೇರೆ ಜಿಲ್ಲೆಯವರು, ಅತ್ತ ಆಕೆಗೆ ನೆಂಟರಿರಲಿಲ್ಲ. ಇನ್ನೊಂದು ದಿನ ಕೊಡಿ ಎಂದು ನಾನು ಇಲಾಖೆಗೆ ಫೋನ್ ಮಾಡಿ ಬೇಡಿದೆ. ಆದೇಶವಿಲ್ಲ ಎಂದರು. ಐದಕ್ಕೆ ಫಾರ್ಮು ತಾನಾಗಿಯೇ ಮುಚ್ಚಿಕೊಂಡಿತು. ಹಾಗೆ ಮುಚ್ಚುವಂತೆ ಬರೆದವಳೂ ನಾನೇ.

ಕೆಲವು ತಿಂಗಳಲ್ಲಿ ಆಕೆಗೆ ಸಾಲ ಮಂಜೂರಾಯಿತು. ಕೆಲಸ ಬಿಟ್ಟ ದಿನ ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ ರೈಲು, ಅದಕ್ಕೂ ಮೊದಲು ಹೇಳಿ ಹೋಗಲು ಬಂದಳು. ಮಗಳಿಗೆ ಕೊಂಡ ಹೊಸ ಚಪ್ಪಲಿ ತೋರಿಸಿದಳು. ಬಾಗಿಲವರೆಗೆ ಹೋದವಳು ತಿರುಗಿ, ಆ ಇಬ್ಬರು ಸಿಕ್ಕರೇ ಎಂದು ಕೇಳಿದಳು. ಇಲ್ಲ ಎಂದೆ.

"ನಾ ಇಲ್ಲಿ ಕಸ ಹೊಡಿಯಾಕ ಬರದಿದ್ರ ನಾನೂ ಅರ್ಜಿ ಹೋಗ್ಯಾದ ಅಂತ ಅವರ ಕೂಡನ ಕುಂತಿರ್ತಿದ್ನಿರಿ, ಹನ್ನೊಂದು ಮಂದಿಯೊಳಗ ಒಬ್ರೂ ಸಿಗತಿರಲಿಲ್ಲ," ಎಂದು ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡಳು.