ಡ್ರೈವರಕ್ಕನ ತರಕಾರಿ ಮಡಿಗಳು

ಊರಿಗೆಲ್ಲ ಅವಳು ಡ್ರೈವರಕ್ಕ. ಪ್ರಾಯವನ್ನೆಲ್ಲ ಬಸ್ಸಿನ ಸ್ಟಿಯರಿಂಗ್ ಹಿಂದೆ ಕಳೆದವಳು. ಕಣ್ಣಿನ ಪರೀಕ್ಷೆಯಲ್ಲಿ ನಪಾಸಾಗಿ ಕೆಲಸ ಬಿಟ್ಟ ಮೇಲೆ ಅವಳ ಕಾಲು ಒಂದೆಡೆ ನಿಲ್ಲಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು, ಕುರ್ಚಿಯಲ್ಲಿ ಕೂತರೂ ಬಲಗಾಲು ಇಲ್ಲದ ಬ್ರೇಕನ್ನು ಒತ್ತುವುದು. ನೋಡಲಾರದೆ ನಾದಿನಿ ಅವಳನ್ನು ತನ್ನ ತೋಟಕ್ಕೆ ಕರೆದೊಯ್ದಳು. ಸಗಣಿ, ಒಣ ಎಲೆ ಕೊಳೆಸಿದ ಗೊಬ್ಬರದಲ್ಲೇ ತರಕಾರಿ ಬೆಳೆಯುವ ಪುಟ್ಟ ತೋಟ ಅದು.

ಹಿಂದಿನ ದಿನವಷ್ಟೇ ಜೋರು ಮಳೆಯಾಗಿತ್ತು.

"ಅತ್ತಿಗೆ, ಇವತ್ತು ಮಡಿ ಮಾಡೋದು ಬೇಡ. ಮಣ್ಣು ಇನ್ನೂ ಹಸಿ," ಎಂದಳು ನಾದಿನಿ.

"ಹಸಿ ಇದ್ರೆ ಅಗೆಯೋಕೆ ಸಲೀಸು ಕಣೇ."

ನಾದಿನಿ ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಅಕ್ಕ ಇಡೀ ಜಾಗವನ್ನು ಅಗೆದು, ತುಳಿದು, ಮುದ್ದೆ ಮಾಡಿಟ್ಟಿದ್ದಳು. ಮಡಿಗಳ ನಡುವಿನ ದಾರಿಯಂತೂ ಊರಗಲ.

"ಅತ್ತಿಗೆ, ಇಲ್ಲಿ ಬದನೆಕಾಯಿ ಬೆಳೆಯೋದಾ, ಬಸ್ ಸ್ಟ್ಯಾಂಡ್ ಕಟ್ಟೋದಾ?"

ಬಿಸಿಲು ಬಿದ್ದದ್ದೇ ಹೆಂಟೆಗಳೆಲ್ಲ ಇಟ್ಟಿಗೆಯಾದವು. ಅಕ್ಕ ಸಿಟ್ಟಿನಿಂದ ಕುಟ್ಟಿದಳು. ಗುದ್ದಲಿಯ ಕಾವು ಮುರಿಯಿತು. ಅವಳು ಅಲ್ಲೇ ಕುಸಿದು ಅತ್ತುಬಿಟ್ಟಳು.

"ನನ್ನ ಕೈಲಿ ಇನ್ನೇನೂ ಆಗಲ್ಲ ಬಿಡು."

"ಮಣ್ಣಿಗೆ ಹಾರ್ನ್ ಹೊಡೆದ್ರೆ ದಾರಿ ಬಿಡುತ್ತಾ? ಏಳಿ ಅತ್ತಿಗೆ," ಎಂದ ನಾದಿನಿ, ಹೆಂಟೆಗಳ ಮೇಲೆ ನೀರು ಚಿಮುಕಿಸಿ ಒಣಹುಲ್ಲು ಹೊದಿಸಿದಳು. "ಇನ್ನು ಸ್ವಲ್ಪ ದಿನ ಮುಟ್ಟಬೇಡಿ."

ಮುಟ್ಟಬೇಡಿ ಎನ್ನುವುದೇ ಅಕ್ಕನಿಗೆ ಶಿಕ್ಷೆ. ಹುಲ್ಲೆತ್ತಿ ಇಣುಕುವುದು, ಬೈಸಿಕೊಳ್ಳುವುದು, ಬೇಲಿಯುದ್ದಕ್ಕೂ ಅಡ್ಡಾಡುವುದು, ಇದೇ ಆಯಿತು. ಹಾಗೆ ಅಡ್ಡಾಡುವಾಗ ಪಕ್ಕದ ತೋಟದ ಮುದುಕಿ ಸೊಂಟ ಹಿಡಿದುಕೊಂಡು ನಿಂತಿದ್ದನ್ನು ಕಂಡಳು. ಬೀಜ ತಂದಿಟ್ಟಿದ್ದಾಳೆ, ಬಗ್ಗಲಾಗದು.

"ಅಜ್ಜಿ, ನಾನು ಮಾಡ್ಲಾ?"

"ಮಾಡು ತಾಯಿ. ನಿಮ್ಮ ತೋಟದ ಥರ ಮಾತ್ರ ಬೇಡ."

ಅಕ್ಕನಿಗೂ ನಗು ಬಂತು. ಈ ಸಲ ಮೊದಲು ಒಂದು ಹಿಡಿ ಮಣ್ಣು ಹಿಸುಕಿದಳು. ಮರಳು ಬೆರೆತ ಮಣ್ಣು, ಆಗಲೇ ಆರಿ ಕೈಯಲ್ಲಿ ಪುಡಿಯಾಯಿತು. ಮಡಿಯನ್ನು ತುಳಿಯದೆ, ಎರಡೂ ಬದಿಯಿಂದ ಕೈ ಎಟುಕುವಷ್ಟೇ ಅಗಲಕ್ಕೆ ಮಣ್ಣೇರಿಸಿ, ಗೊಬ್ಬರ ಬೆರೆಸಿ ಕೊಟ್ಟಳು. ಅದರಾಚೆಯ ತೋಟದವರೂ ಕರೆದರು.

ನಾದಿನಿಯ ತೋಟದ ಮಣ್ಣು ಮೆತ್ತಗಾಗುವಷ್ಟರಲ್ಲಿ ಅಕ್ಕನ ಕೈ ಪಳಗಿತ್ತು. ಇಲ್ಲಿಯೂ ಮಡಿ ಮಾಡಿ ಸಸಿ ನೆಟ್ಟಾಯಿತು.

ಈಗ ನೆಡುವ ಕಾಲ ಬಂತೆಂದರೆ ಸುತ್ತಲಿನ ತೋಟಗಳಿಂದೆಲ್ಲ ಅವಳಿಗೆ ಕರೆ. ಮನಸ್ಸಿನ ಚಡಪಡಿಕೆ ಹೋಗಿದೆಯೇ? ಎಲ್ಲಿ ಹೋದೀತು! ಮೊನ್ನೆಯೂ ನಾದಿನಿ, "ಟೀ ಕುಡಿಯೋ ತನಕವಾದ್ರೂ ಕೂತ್ಕೊಳ್ಳಿ ಅತ್ತಿಗೆ" ಎಂದಳು. ಅಕ್ಕ ಕೂತಳು, ಎರಡು ಗುಟುಕು ಕುಡಿದಳು, ಲೋಟ ಅಲ್ಲೇ ಬಿಟ್ಟು ಬೇಲಿ ದಾಟಿದಳು.