ಹಾವಿನ ಕಾಲು, ಬಾಳಕದ ಘಾಟು

ಈಗಷ್ಟೇ ಕೆಮ್ಮು ಬಂತು. ಬಾಳಕದ ಮೆಣಸಿನಕಾಯಿ ಕರಿಯುವ ಘಾಟು ಕಿಟಕಿಯಿಂದ ಒಳಗೆ ನುಗ್ಗಿದೆ. ಅಮೆರಿಕದ ಎಲಿಕಾಟ್ ಸಿಟಿಯ ನಮ್ಮ ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿ ಸ್ಮೋಕ್ ಅಲಾರಂಗೆ ಹೆದರಿ ಮನೆ ಹಿಂದಿನ ಮರದ ಡೆಕ್ ಮೇಲೆ ಒಲೆ ಇಟ್ಟಿದ್ದಾಳೆ. ಡೆಕ್ ಮೇಲೆ ಒಲೆ ಹಚ್ಚಬಾರದೆಂಬುದು ಇಲ್ಲಿನ ಕಟ್ಟಳೆ. ಬೇಲಿಯಾಚೆ ನನ್ನನ್ನು ಕಂಡವಳೇ ಸರಕ್ಕನೆ ಬೆನ್ನು ತಿರುಗಿಸಿದಳು. ಆ ಬೆನ್ನು ನನಗೆ ಚೆನ್ನಾಗಿ ಪರಿಚಯ. ಹತ್ತು ವರ್ಷದ ಹಿಂದೆ ಅದು ನನ್ನದೇ ಆಗಿತ್ತು.

ನಾನು ಹುಟ್ಟಾ ಅನುಮಾನದವಳು, ನಿಮ್ಮಲ್ಲಿ ಮುಚ್ಚುಮರೆ ಯಾಕೆ? ಮೈಸೂರಿನಲ್ಲಿ ಹಾಲಿನವನು ಒಂದು ನಗೆ ಹೆಚ್ಚು ನಕ್ಕರೆ, ಇವತ್ತು ನೀರು ಜಾಸ್ತಿ ಎಂದುಕೊಳ್ಳುತ್ತಿದ್ದೆ. ಗಂಡನ ವೀಸಾದ ಬಾಲ ಹಿಡಿದು ಅಮೆರಿಕಕ್ಕೆ ಬಂದಮೇಲೆ ಕೆಲಸ ಮಾಡುವ ಹಾಗಿರಲಿಲ್ಲ. ಅನುಮಾನಪಡುವುದಕ್ಕೆ ದಿನವೆಲ್ಲ ಬಿಡುವು ಸಿಕ್ಕಿತು.

ಆಗ ನಾವಿದ್ದದ್ದು ಅಪಾರ್ಟ್‌ಮೆಂಟಿನಲ್ಲಿ. ಪಕ್ಕದ ಮನೆಯಲ್ಲಿ ಥಾಯ್ಲೆಂಡಿನ ನೊಯ್ ಎಂಬ ಹೆಂಗಸು ಒಬ್ಬಳೇ ಇದ್ದಳು, ನನಗಿಂತ ಬಹಳ ದೊಡ್ಡವಳು. ಅವರಲ್ಲಿ ಅಕ್ಕನಿಗೆ ‘ಪೀ’, ತಂಗಿಗೆ ‘ನೊಂಗ್’ ಎನ್ನುತ್ತಾರಂತೆ. ಮೊದಲ ದಿನವೇ ನನ್ನನ್ನು ನೊಂಗ್ ಮಾಡಿಕೊಂಡಳು. ಇಷ್ಟು ಬೇಗ ತಂಗಿಯಾದೆನಲ್ಲ, ಇವಳಿಗೆ ಏನು ಬೇಕಿರಬಹುದು ಎಂದು ನಾನು ವಾರಗಟ್ಟಲೆ ಯೋಚಿಸಿದೆ. ಅಲ್ಲೂ ಹೊರಗೆ ಒಲೆ ಹಚ್ಚುವ ಹಾಗಿರಲಿಲ್ಲ; ಅವಳು ಬಾಲ್ಕನಿಯಲ್ಲಿ ಕದ್ದು ಮೀನು ಸುಡುತ್ತಿದ್ದಳು. ನಾನು ತುಂಬು ಬಸುರಿ. ಬಾಳಕ ಕರಿದು ಮೊಸರನ್ನದ ಜೊತೆ ತಿನ್ನುವ ಬಯಕೆ. ನಾನೂ ಬಾಲ್ಕನಿಯಲ್ಲೇ ಕರೆಂಟ್ ಒಲೆ ಇಟ್ಟು ಕದ್ದು ಕರಿಯುತ್ತಿದ್ದೆ.

ವಾರಕ್ಕೊಮ್ಮೆ ನಾವಿಬ್ಬರೂ ಲೈಬ್ರರಿಯಲ್ಲಿ ಇಂಗ್ಲಿಷ್ ಮಾತಾಡುವ ತರಗತಿಗೆ ಹೋಗುತ್ತಿದ್ದೆವು. ಒಮ್ಮೆ ಮೇಡಂ, ನಿಮ್ಮ ಭಾಷೆಯಲ್ಲಿ ಪ್ರಾಣಿಗಳಿರುವ ನುಡಿಗಟ್ಟು ಹೇಳಿ, ಅದರ ಜೋಡಿಯನ್ನು ಇಂಗ್ಲಿಷಿನಲ್ಲಿ ಹುಡುಕೋಣ ಎಂದರು. ಪೀ ನೊಯ್ ಎದ್ದು ನಿಂತು, ಆನೆ ಏರಿ ಮಿಡತೆ ಹಿಡಿಯುವುದು ಎಂದಳು. ಚಿಕ್ಕ ಕೆಲಸಕ್ಕೆ ದೊಡ್ಡ ಆರ್ಭಟ ಎಂಬರ್ಥ. ಮೇಡಂ ಅದಕ್ಕೆ ಭಾರಿ ಸುತ್ತಿಗೆಯಿಂದ ಕಾಯಿ ಒಡೆಯುವ ಇಂಗ್ಲಿಷ್ ಮಾತು ಕೊಟ್ಟರು. ಹುಲಿಯಿಂದ ಓಡಿ ಮೊಸಳೆಗೆ ಸಿಕ್ಕುವುದು ಎಂದು ಅವಳು ಹೇಳಿದರೆ, ಬಾಣಲೆಯಿಂದ ಬೆಂಕಿಗೆ ಬೀಳುವುದು ಎಂದು ಮೇಡಂ ಹೇಳಿದರು.

ಪೀ ನೊಯ್ ಮುಖ ಸಣ್ಣಗಾಯಿತು. “ನನ್ನ ಆನೆ ಎಲ್ಲಿ ಹೋಯ್ತು? ಹುಲಿ ಎಲ್ಲಿ?” ಎಂದಳು.

ನಿಜವೇ. ಇಂಗ್ಲಿಷಿಗೆ ಬಂದೊಡನೆ ಕಾಡೆಲ್ಲ ಖಾಲಿಯಾಗಿ ಪಾತ್ರೆ ಪಗಡವೇ ಉಳಿದಿತ್ತು.

ಅವಳ ಮೂರನೆಯ ಮಾತು ನಾನು ಮರೆಯುವಂಥದ್ದಲ್ಲ. “ಕೋಳಿ ಹಾವಿನ ಕಾಲು ನೋಡಿದೆ, ಹಾವು ಕೋಳಿಯ ಮೊಲೆ ನೋಡಿದೆ.” ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. “ಬೇರೆ ಯಾರಿಗೂ ಕಾಣಲ್ಲ. ಇವಳ ಗುಟ್ಟು ಅವಳಿಗೆ ಗೊತ್ತು, ಅವಳ ಗುಟ್ಟು ಇವಳಿಗೆ ಗೊತ್ತು,” ಎಂದು ನೇರವಾಗಿ ನನ್ನನ್ನೇ ನೋಡಿದಳು. ಮೇಡಂಗೆ ಇಂಗ್ಲಿಷ್ ಜೋಡಿ ಹೊಳೆಯಲಿಲ್ಲ. ನನಗಂತೂ ಇದು ನನ್ನ ಬಾಲ್ಕನಿಯ ಒಲೆಗೇ ಹಾಕಿದ ಬೆದರಿಕೆ ಅನ್ನಿಸಿತು.

ಅದೇ ವಾರ ಅಪಾರ್ಟ್‌ಮೆಂಟಿನ ಆಫೀಸಿನವರು ಎಲ್ಲ ಬಾಗಿಲಿಗೂ ನೋಟಿಸ್ ಅಂಟಿಸಿದರು. ಬಾಲ್ಕನಿಯಲ್ಲಿ ಅಡುಗೆ ಮಾಡುತ್ತಾರೆಂದು ದೂರು ಬಂದಿದೆ, ತಪಾಸಣೆ ಮಾಡುತ್ತೇವೆ, ಸಿಕ್ಕಿಬಿದ್ದವರ ಲೀಸ್ ಮುಂದುವರಿಯುವುದಿಲ್ಲ.

“ಇನ್ಯಾರು ಕಂಪ್ಲೇಂಟ್ ಮಾಡ್ತಾರೆ? ಅವಳೇ,” ಎಂದೆ ಗಂಡನಿಗೆ.

“ಅವ್ರೇ ಮೀನು ಸುಡ್ತಾರಲ್ಲೇ!”

“ಅದಕ್ಕೇ! ಮೊದ್ಲು ನಮ್ಮನ್ನ ಸಿಗಿಸಿದ್ರೆ ತಾನು ಬಚಾವ್ ಅಂತ.”

“ಯಾರಾದ್ರೂ ಮಾಡ್ಲಿ, ಆ ಒಲೆ ಎತ್ತಿಡು ಮಾರಾಯ್ತಿ. ವೀಸಾ ಎಕ್ಸ್‌ಟೆನ್ಷನ್ ಇನ್ನೂ ಪೆಂಡಿಂಗ್. ಡೆಲಿವರಿ ಟೈಮಲ್ಲಿ ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗ್ ಹೋಗೋಣ?”

ಬಯಕೆ ಎಂಬುದು ಕೇಳಬೇಕಲ್ಲ! ಮರುದಿನ ಗಂಡ ಕೆಲಸಕ್ಕೆ ಹೋದದ್ದೇ ತಡ, ಕೊನೆಯ ಸಲ ಎಂದು ನಾಲ್ಕು ಬಾಳಕ ಕರಿದೆ. ಎಣ್ಣೆ ಆರುವ ಮೊದಲೇ ಬಾಗಿಲು ಬಡಿದ ಸದ್ದು. ಪೀ ನೊಯ್.

“ನೊಂಗ್, ಆಫೀಸಿನವಳು ಮೆಟ್ಟಿಲು ಹತ್ತುತ್ತಾ ಇದ್ದಾಳೆ. ನಿನ್ನ ಸ್ಟವ್ ನನಗೆ ಕೊಡು.”

ಸಾಕ್ಷಿ ಕೇಳುತ್ತಿದ್ದಾಳೆ! ನಾನು ಕೊಡಲಿಲ್ಲ. “ಯಾವ ಸ್ಟವ್?” ಎಂದು ಬಾಗಿಲು ಹಾಕಿ, ಬಿಸಿ ಬಾಣಲೆಯ ಸಮೇತ ಎಲ್ಲವನ್ನೂ ಬಾತ್‌ಟಬ್ಬಿಗೆ ತುಂಬಿ ಪರದೆ ಎಳೆದೆ. ವಸ್ತು ಅಡಗಿತು. ಘಾಟು ಅಡಗಲಿಲ್ಲ.

ಆಫೀಸಿನವಳು ನಮ್ಮ ಬಾಗಿಲಲ್ಲೇ ಕೆಮ್ಮತೊಡಗಿದಳು. ಅಷ್ಟರಲ್ಲಿ ಪಕ್ಕದ ಬಾಲ್ಕನಿಯಿಂದ ಚುಂಯ್ ಎಂಬ ಸದ್ದು ಬಂತು, ಹಿಂದೆಯೇ ದಟ್ಟ ಹೊಗೆ. ಇಬ್ಬರೂ ಓಡಿಹೋಗಿ ನೋಡಿದೆವು. ಪೀ ನೊಯ್ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಬಾಣಲೆಗೆ ಬೊಗಸೆಗಟ್ಟಲೆ ಒಣಮೆಣಸಿನಕಾಯಿ ಸುರಿಯುತ್ತಿದ್ದಳು. ಮೀನಿನ ಸುಳಿವೇ ಇರಲಿಲ್ಲ.

“ವಾಸನೆ ನಂದೇ. ದಿನಾ ನಂದೇ. ಆ ಹುಡುಗಿ ಬಸುರಿ, ಪಾಪ, ನನ್ನಿಂದ ಅವಳಿಗೂ ಕೆಮ್ಮು,” ಎಂದಳು.

ಅವಳ ಲೀಸ್ ಹೋಯಿತು. ನಾನು ಅಳುತ್ತ ಹೋಗಿ ಕೈ ಹಿಡಿದುಕೊಂಡೆ.

“ಅಳಬೇಡ ನೊಂಗ್. ಹೇಗೂ ಅಟ್ಲಾಂಟಾಕ್ಕೆ ಹೊರಟಿದ್ದೆ, ಮಗಳ ಮನೆಗೆ.”

ಅಟ್ಲಾಂಟಾದ ಹೆಸರನ್ನಾಗಲಿ ಮಗಳ ಹೆಸರನ್ನಾಗಲಿ ಅವಳು ಅಲ್ಲಿಯವರೆಗೆ ಎತ್ತಿರಲೇ ಇಲ್ಲ. ಮೂಲೆಯಲ್ಲಿ ಆ ವಾರವಷ್ಟೇ ತಂದ ಅಕ್ಕಿಯ ದೊಡ್ಡ ಚೀಲ ಬಾಯಿ ಬಿಚ್ಚದೆ ನಿಂತಿತ್ತು. ಊರು ಬಿಡುವವರು ಅಷ್ಟು ಅಕ್ಕಿ ತರುತ್ತಾರೆಯೇ? ಅವಳು ಸುಳ್ಳು ಹೇಳಿದಳೆಂದು ನನ್ನ ಅನುಮಾನ. ನನ್ನ ಅನುಮಾನಗಳಲ್ಲೆಲ್ಲ ಅದೊಂದನ್ನು ನಾನು ಪ್ರೀತಿಯಿಂದ ಉಳಿಸಿಕೊಂಡಿದ್ದೇನೆ. ದೂರು ಕೊಟ್ಟವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಮತ್ತೆ ಕೆಮ್ಮು. ಕಿಟಕಿಯಲ್ಲಿ ಬಗ್ಗಿ ನೋಡಿದರೆ, ನಮ್ಮ ಬಡಾವಣೆಯ ಸಂಘದ ಮುದುಕ ನಾಯಿ ಹಿಡಿದುಕೊಂಡು ಮೂಗರಳಿಸುತ್ತ ಇತ್ತಲೇ ಬರುತ್ತಿದ್ದಾನೆ. ಬರೆಯುವುದನ್ನು ಬಿಟ್ಟು ಎದ್ದೆ. ಹಳೆಯ ಕರೆಂಟ್ ಒಲೆಯನ್ನು ನಮ್ಮ ಡೆಕ್ ಮೇಲಿಟ್ಟು, ಎಣ್ಣೆ ಕಾಯಿಸಿ, ಒಂದು ಹಿಡಿ ಬಾಳಕ ಸುರಿದೆ.

“ಈ ವಾಸನೆ ನಿಮ್ಮದೇನು?” ಎಂದ.

“ನಂದೇ,” ಎಂದೆ. ಅವನು ಬೈದು ಹೋದ.

ಬೇಲಿಯಾಚೆ ಹುಡುಗಿ ಒಲೆಗೆ ಅಡ್ಡ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದಳು. ಅವಳ ಕಣ್ಣಲ್ಲಿ ಇದ್ದದ್ದು ಅಪ್ಪಟ ಅನುಮಾನ: ಈ ಆಂಟಿಗೆ ನನ್ನಿಂದ ಏನು ಬೇಕಿರಬಹುದು?