ಫಾರೆಸ್ಟ್ ಗೇಟಿನ ಎದುರು ಮನೆ

ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯುವ ದಾರಿಯ ಫಾರೆಸ್ಟ್ ಗೇಟಿನಲ್ಲಿ ನನ್ನ ಗಂಡ ಗಾರ್ಡ್. ಕಾಡಿನ ಮರವಿರಲಿ, ತೋಟದ ಮರವಿರಲಿ, ಪರ್ಮಿಟ್ ನೋಡಿಯೇ ಗೇಟು ಎತ್ತಬೇಕು. ಪಕ್ಕದಲ್ಲೇ ನಮ್ಮ ಕ್ವಾರ್ಟರ್ಸ್. ಮದುವೆಯಾಗಿ ಬಂದ ಹೊಸದರಲ್ಲೇ ಅವರು ನನಗೆ ಕಟ್ಟಪ್ಪಣೆ ಮಾಡಿದರು: ಯಾರ ಮನೆಯಿಂದಲೂ ಏನನ್ನೂ ತೆಗೆದುಕೊಳ್ಳಬಾರದು.

"ಇವತ್ತು ನಿಂಬೆಹಣ್ಣು ಈಸ್ಕೊಂಡ್ರೆ ನಾಳೆ ಗೇಟು ತಾನಾಗೇ ಏಳುತ್ತೆ ಕಣೇ," ಎಂದರು.

ಹೇಳುವವರಿಗೇನು, ಸುಲಭ. ಎದುರು ತೋಟದ ಕೊಡವ ಆಂಟಿ ಅಕ್ಕಿತರಿಯ ಉಂಡೆ, ಕಡಂಬುಟ್ಟು, ಮಾಡಿ ಕಳಿಸಿದರು. ವಾಪಸು ಕಳಿಸಿದೆ. ಕಿತ್ತಳೆ ಕಳಿಸಿದರು, ಅದೂ ಬಂದ ದಾರಿಯಲ್ಲೇ ಹೋಯಿತು. ನಾವು ಮಡಿವಂತರು, ಹಂದಿ ಬೇಯಿಸುವ ಮನೆಯ ಪಾತ್ರೆ ಮುಟ್ಟುವುದಿಲ್ಲ ಎಂದು ಊರು ತೀರ್ಮಾನಿಸಿತು. ನಾನೋ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆತನದವಳು, ಬಾಡೂಟ ಎಂದರೆ ಬಾಯಲ್ಲಿ ನೀರೂರುವವಳು. ನನಗೆ ಮಡಿವಂತಳ ಪಟ್ಟ! ನಿಜ ಹೇಳೋಣವೆಂದರೆ, ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದು ಮುಖಕ್ಕೆ ಹೇಳಿದ ಹಾಗಾಗುತ್ತಿತ್ತು. ಅದಕ್ಕಿಂತ ಜಾತಿ ಜಂಬದವಳು ಎನಿಸಿಕೊಳ್ಳುವುದೇ ವಾಸಿ ಎಂದು ಸುಮ್ಮನಾದೆ. ಅಂಗಡಿಯಲ್ಲಿ ನನ್ನನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಆಗ ಆ ಗೇಟಿನ ಮೇಲೆ ಹುಟ್ಟಿದ ಸಿಟ್ಟು ಇನ್ನೂ ಆರಿಲ್ಲ.

ಹೆರಿಗೆ ನೋವು ಬಂದ ದಿನ ಜೋರು ಮಳೆ. ಆಂಬುಲೆನ್ಸ್‌ಗೆ ಫೋನೇ ಸಿಗಲಿಲ್ಲ. ಯಾರೂ ಕರೆಯದೆ ಎದುರು ಮನೆಯ ಅಂಕಲ್ ಜೀಪು ತಂದು ನಿಲ್ಲಿಸಿದರು. ಹೆರಿಗೆಯೇನೋ ಆಯಿತು, ಗಂಡು ಮಗು. ಆಮೇಲೆ ರಕ್ತ ನಿಲ್ಲಲಿಲ್ಲ. ನನ್ನ ಗುಂಪಿನ ರಕ್ತ ಸಿಗದೆ ಎಲ್ಲರೂ ಪರದಾಡುವಾಗ ಅಂಕಲ್ ಅಂಗಿಯ ತೋಳು ಮಡಚಿದರಂತೆ. ನಿಂಬೆಹಣ್ಣು ಬೇಡವೆಂದಿದ್ದ ನನ್ನ ಗಂಡ ಗೋಡೆಯ ಕಡೆ ತಿರುಗಿ ಅತ್ತರಂತೆ. ಇದನ್ನೆಲ್ಲ ಹೇಳಿದ್ದು ಆಂಟಿ, ಬಾಣಂತಿಯ ಬಾಯಿಗೆ ಗಂಜಿ ಹಾಕುತ್ತ.

ಆ ಮೇಲಿನ ಕೆಲವು ತಿಂಗಳು ನಾನು ಮನುಷ್ಯರ ನಡುವೆ ಬದುಕಿದೆ. ಆಂಟಿ ದಿನವೂ ಬರುತ್ತಿದ್ದರು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ನಾನು ಅವರ ಮನೆಯ ಅಡುಗೆ ಕಟ್ಟೆಯ ಮೇಲೆ ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಗಂಡ ನೋಡಿಯೂ ನೋಡದ ಹಾಗಿದ್ದರು.

ಮುಂದಿನ ಮಳೆಗಾಲದ ಗಾಳಿಗೆ ಅವರ ತೋಟದ ಬೀಟೆ ಮರ ಬಿತ್ತು. ತೋಟ ಅವರದ್ದಾದರೂ ಬೀಟೆ ಸರ್ಕಾರದ್ದು, ಬಿದ್ದ ಮರಕ್ಕೂ ಪರ್ಮಿಟ್ ಬೇಕು. ಅಂಕಲ್ ಹಲಗೆ ಕೊಯ್ಯಿಸಿ, ಘಾಟಿಯ ಕೆಳಗಿನ ಬಡಗಿಯ ಹತ್ತಿರ ಕೊಂಡೊಯ್ಯಲು ಜೀಪಿಗೆ ಹೇರಿಸಿದರು. ಕದ್ದುಮುಚ್ಚಿ ಅಲ್ಲ, ಹಾಡಹಗಲೇ ಬಂದು ಹಾರ್ನ್ ಹೊಡೆದರು. ನಾನು ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದೆ. ಗೇಟು ಏಳಲಿಲ್ಲ.

"ಪರ್ಮಿಟ್ ಇದ್ಯಾ ಸಾರ್?" ಎಂದು ಗಂಡ ಕೇಳಿದರು.

"ಅರ್ಜಿ ಹಾಕಿದ್ದೇನೆ. ಅದು ಬರುವಾಗ ಮಗಳ ಮದುವೆ ಆಗಿ ಮೊಮ್ಮಗು ಬಂದಿರ್ತದೆ," ಎಂದು ಅಂಕಲ್ ನಕ್ಕರು. "ಅವಳಿಗೆ ಕೊಡುವ ಒಂದು ಬೀರುವಿಗೆ ಆಗುವಷ್ಟು ಹಲಗೆ. ನನ್ನ ಅಜ್ಜ ಕಾಪಾಡಿದ ಮರ ಇದು."

ಗಂಡ ಗೇಟಿನ ಹಗ್ಗ ಬಿಚ್ಚಲಿಲ್ಲ. ಅಂಕಲ್ ನನ್ನತ್ತ ಒಮ್ಮೆ ನೋಡಿದರು. ನನ್ನ ಜೀವ ಉಳಿಸಿದ ಮಾತನ್ನು ಎತ್ತುತ್ತಾರೆಂದು ಕಾದೆ, ಎತ್ತಲಿ ಎಂದು ಬೇಡಿಕೊಂಡೆ. ಅವರು ಎತ್ತಲಿಲ್ಲ. ಜೀಪಿನ ಕೀ ತೆಗೆದು ಗಂಡನ ಕೈಗೆ ಕೊಟ್ಟು, ರಸ್ತೆ ದಾಟಿ ಮನೆಗೆ ನಡೆದರು.

ಹಲಗೆಯ ಜೊತೆ ಜೀಪೂ ಜಪ್ತಿಯಾಯಿತು. ಕೇಸು ಬಿತ್ತು.

"ಜೀಪು ಹಿಡ್ಕೊಂಡ್ರಿ. ನನ್ನ ಮೈಯಲ್ಲಿ ಅವರ ರಕ್ತ ಇನ್ನೂ ಇದೆಯಲ್ಲ, ಅದನ್ನೂ ಜಪ್ತಿ ಮಾಡಿ," ಎಂದು ಕೂಗಾಡಿದೆ.

"ಅವರೊಬ್ಬರಿಗೆ ಬಿಟ್ರೆ ಇನ್ಯಾರ ಲಾರೀನ ಯಾವ ಮುಖ ಇಟ್ಕೊಂಡು ತಡೀಲಿ?" ಎಂದರು. ಉಣ್ಣದೆ ಎದ್ದು ಹೋದರು. ಅವರ ಮಾತು ಸರಿ ಎಂದು ನನಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ತಡೆಯಲಾರದೆ ಮಗುವನ್ನೆತ್ತಿಕೊಂಡು ಎದುರು ಮನೆಗೆ ಹೋದೆ. ಬಯ್ಯಲಿ, ಬಾಗಿಲು ಹಾಕಲಿ ಎಂದುಕೊಂಡೇ ಹೋಗಿದ್ದು. ಆಂಟಿ ಎಂದಿನ ಹಾಗೆ ಕಾಫಿ ಕೊಟ್ಟರು, ಕಣ್ಣು ಮಾತ್ರ ಕೆಂಪಗಿತ್ತು. ಅಂಕಲ್ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ನಿನ್ನ ಗಂಡನ ಮೇಲೆ ನನಗೆ ಕೋಪ ಉಂಟು, ಇಲ್ಲ ಅಂತ ಹೇಳೋದಿಲ್ಲ," ಎಂದರು. "ಆದ್ರೆ ಅವನು ಒಬ್ಬ ಸರಿ ಇದ್ದಾನೆ ಅಂತ ಊರಿಗೆಲ್ಲ ಗೊತ್ತು. ನೀನು ಇಲ್ಲಿಗೆ ಬಂದು ಹೋದ್ರೆ, ಒಳಗೊಳಗೇ ಕೇಸು ಮುಚ್ಚಿಹಾಕ್ತಾ ಇದ್ದಾರೆ ಅಂತ ಜನ ಹೇಳ್ತಾರೆ. ಅವನ ಹೆಸರು ಹಾಳಾಗೋದು ಬೇಡಮ್ಮ. ಕೇಸು ಮುಗಿದ ಮೇಲೆ ಬಾ, ಆಯ್ತಾ?"

ಮಗುವನ್ನು ನನ್ನ ಕೈಗೆ ಕೊಟ್ಟು ತಮ್ಮ ತೋಟದ ಗೇಟಿನವರೆಗೂ ಜೊತೆಗೆ ಬಂದರು.

ಮಗ ಈಗ ಶಾಲೆಗೆ ಹೋಗುತ್ತಾನೆ. ಕೇಸು ಇನ್ನೂ ಮುಗಿದಿಲ್ಲ.